ಬೆಳ್ತಿಗೆ ಅಕ್ಕಿಗೆ ಬಾಸ್ಮತಿ ಪರಿಮಳ

ಫರಂಗಿಪೇಟೆಯಲ್ಲಿ ಹಜ್ಜುಮ್ಮ ಎಂದು ಕೇಳಿದರೆ ಯಾರು ಬೇಕಾದರೂ ನಮ್ಮ ಮನೆಯ ದಾರಿ ತೋರಿಸುತ್ತಾರೆ. ನಮ್ಮದು ಅಕ್ಕಿ ವ್ಯಾಪಾರದ ಮನೆತನ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮಾತ್ರ, ಆದರೆ ಯಜಮಾನರು ತೀರಿಹೋದ ಮೇಲೆ ಮನೆಯಲ್ಲೂ ಅಂಗಡಿಯಲ್ಲೂ ಕೊನೆಯ ಮಾತು ನನ್ನದೇ.

ಅಕ್ಕಿಯ ವಿಷಯದಲ್ಲಿ ಹಜ್ಜುಮ್ಮನ ಮೂಗು ತಪ್ಪುವುದಿಲ್ಲ ಎಂದು ಪೇಟೆಯವರು ಹೇಳುತ್ತಿದ್ದರು. ನಾನೂ ಅಲ್ಲ ಎಂದವಳಲ್ಲ.

ಎರಡನೆಯ ಮಗ ನಾಸಿರನಿಗೆ ಹುಡುಗಿ ನೋಡಲು ತೋಡಾರಿಗೆ ಹೋದದ್ದು 2000ದ ದಶಕ ಮುಗಿಯುತ್ತಾ ಬಂದ ಕಾಲದಲ್ಲಿ. ಸಿದ್ಧಕಟ್ಟೆ ದಾರಿಯಾಗಿ ನಮ್ಮ ಓಮ್ನಿಯಲ್ಲಿ ಹೊರಟೆವು. ಮುಂದೆ ಮೈದುನ ಇಬ್ರಾಹಿಂ, ಹಿಂದೆ ನಾನು ಮತ್ತು ನಾದಿನಿ ಜೊಹರಾ.

ಹುಡುಗಿ ಸಫಿಯಾ, ಮೂಡುಬಿದಿರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಓದು ಹೆಚ್ಚಾಯಿತು ಎಂದು ಮೊದಲೊಂದು ಸಂಬಂಧ ತಪ್ಪಿತ್ತು. ಇದೂ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಕಾಲೇಜು ಬಿಡಿಸುತ್ತೇನೆ ಎಂದು ತಂದೆ ಹೇಳಿದ್ದಾರೆಂದು ಸಂಬಂಧ ತಂದವರೇ ನನ್ನ ಕಿವಿಗೆ ಹಾಕಿದ್ದರು.

ಗಂಡಸರಿಗೆ ಚಾವಡಿಯಲ್ಲಿ ಊಟ, ನಮಗೆ ಒಳಗೆ. ಹುಡುಗಿಯ ತಾಯಿ ಆಮಿನಾ ನೈಚೋರಿನ ಪಾತ್ರೆ ತಂದಿಟ್ಟು ಮುಚ್ಚಳ ತೆಗೆದರು. ನೈಚೋರು ಎಂದರೆ ನಮ್ಮ ತುಪ್ಪದನ್ನ.

ಆಹಾ... ಎಂಥ ಪರಿಮಳ! ಒಂದನೇ ನಂಬರಿನ ಹಳೆ ಬಾಸ್ಮತಿ ಎಂದಿತು ಮೂಗು.

ಕೈ ಹಾಕಿದೆ. ಬೆರಳು ಬೇರೆಯೇ ಹೇಳಿತು. ಅಗುಳು ಗಿಡ್ಡ, ತುಸು ದಪ್ಪ. ನಮ್ಮ ಅಂಗಡಿಯ ಬಾಗಿಲಲ್ಲೇ ಇಡುವ ಸಾದಾ ಬಿಳಿ ಅಕ್ಕಿ, ಬೆಳ್ತಿಗೆ!

ನನ್ನ ಮೂಗಿಗೂ ಬೆರಳಿಗೂ ಅಲ್ಲಿಯ ತನಕ ಜಗಳ ಆದದ್ದೇ ಇಲ್ಲ.

"ಯಾವ ಅಕ್ಕಿ ಆಮಿನಾ ಇದು?"

"ಬಾಸ್ಮತಿ ಹಜ್ಜುಮ್ಮ... ತಮ್ಮ ದುಬಾಯಿಯಿಂದ ಬರುವಾಗ ತಂದದ್ದು."

ನಾನು ಇನ್ನೊಂದು ಮಾತು ಎತ್ತುವ ಮೊದಲೇ ಅಡುಗೆಮನೆಯ ಬಾಗಿಲಿನಿಂದ ಸಣ್ಣ ಸ್ವರ ಬಂತು.

"ಅಲ್ಲ ಮಾಮಿ. ಬೆಳ್ತಿಗೆ ಅದು."

ಆಮಿನಾರ ಕೈಯ ಸೌಟು ಹಾಗೆಯೇ ನಿಂತಿದೆ. ಜೊಹರಾ ತುತ್ತು ಬಿಟ್ಟು ನೋಡುತ್ತಿದ್ದಾಳೆ. ಹುಡುಗಿ ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ನೇರ ನನ್ನ ಮುಂದೆ ಬಂದು ನಿಲ್ಲುತ್ತಾಳೆ. ಕೈಯಲ್ಲಿ ಉದ್ದದ ಒಂದು ಹಸಿರು ಎಲೆ, ಕೇದಗೆಯ ಸಣ್ಣ ತಂಗಿಯ ಹಾಗೆ.

"ಇದನ್ನು ಗಂಟು ಹಾಕಿ ಅನ್ನ ಬೇಯುವಾಗ ಹಾಕಿದ್ದು. ಬಾವಿಕಟ್ಟೆಯ ಹತ್ತಿರ ಬೇಕಾದಷ್ಟು ಉಂಟು."

ಜೊಹರಾ ಬಿಡುತ್ತಾಳೆಯೇ? "ಅಕ್ಕಿ ಅಂಗಡಿಯವರಿಗೇ ಎಲೆ ಹಾಕಿ ಮೋಸ! ನಿಮ್ಮ ಧೈರ್ಯ ಮೆಚ್ಚಬೇಕು ಮಾರಾಯ್ತಿ."

"ಪರಿಮಳ ಮೋಸ ಅಲ್ಲ ಮಾಮಿ. ಬಾಸ್ಮತಿಯಲ್ಲಿ ಇರುವ ಪರಿಮಳದ ವಸ್ತುವೇ ಈ ಎಲೆಯಲ್ಲಿಯೂ ಇರುವುದು. ಬಾಸ್ಮತಿ ಅಂತ ಹೇಳಿದ್ದು ಮಾತ್ರ ಸುಳ್ಳು."

ತಾಯಿಯ ಮುಖ ನೋಡಲಾಗುತ್ತಿರಲಿಲ್ಲ.

ನಾನು ಸ್ವರ ಗಟ್ಟಿ ಮಾಡಿಯೇ ಕೇಳಿದೆ. "ಹಾಗಾದರೆ ನಮ್ಮ ಬೆಳ್ತಿಗೆಗೆ ಯಾಕೆ ಆ ಪರಿಮಳ ಇಲ್ಲ? ಅದೂ ಅಕ್ಕಿಯೇ ಅಲ್ವಾ?"

"ಪರಿಮಳಕ್ಕೆ ಬೇಕಾದ ಸಾಮಾನು ಎಲ್ಲ ಅಕ್ಕಿಯಲ್ಲಿಯೂ ಉಂಟು ಮಾಮಿ. ಆದರೆ ಬೆಳ್ತಿಗೆಯಲ್ಲಿ ಒಂದು ಎಂಜೈಮ್ ಅದನ್ನು ಹಿಡಿದು ಬೇರೆ ಏನೋ ಮಾಡಿ ಮುಗಿಸ್ತದೆ. ಬಾಸ್ಮತಿಯಲ್ಲಿ ಆ ಎಂಜೈಮ್ ಮಾಡುವ ಜೀನ್ ಕೆಟ್ಟು ಹೋಗಿದೆ. ಹಿಡಿಯುವವರು ಇಲ್ಲ. ಉಳಿದದ್ದೇ ಪರಿಮಳ ಆಗ್ತದೆ. ನಮ್ಮ ಲೆಕ್ಚರರ್ ಈ ವರ್ಷವೇ ಪಾಠ ಮಾಡಿದ್ದು."

"ಅಂದ್ರೆ ಬಾಸ್ಮತಿ ಕೆಟ್ಟುಹೋದ ಅಕ್ಕಿಯಾ?" ಜೊಹರಾ ನಕ್ಕಳು. "ಅತ್ತಿಗೆ, ಕೇಳಿದ್ರಾ? ಇಷ್ಟು ವರ್ಷ ನೀವು ಕೆಟ್ಟ ಅಕ್ಕಿಯನ್ನು ಡಬಲ್ ರೇಟಿಗೆ ಮಾರಿದ್ದು."

"ಕೆಟ್ಟದ್ದಕ್ಕೇ ಅದಕ್ಕೆ ಹೆಸರು ಬಂದದ್ದು ಮಾಮಿ" ಎಂದಳು ಹುಡುಗಿ. ನಗಲಿಲ್ಲ. ನನಗೆ ನಗು ಬಂತು, ತೋರಿಸಲಿಲ್ಲ.

"ಹಾಗಾದರೆ ನಾವು ಅಂಗಡಿಗೆ ಬಾಗಿಲು ಹಾಕಿ ಎಲೆ ಮಾರುವುದಾ?"

"ಬೇಡ ಮಾಮಿ. ಅಗುಳಿನ ಉದ್ದ ಎಲೆಯಿಂದ ಬರುವುದಿಲ್ಲ. ಅದಕ್ಕೇ ನಿಮ್ಮ ಬೆರಳಿಗೆ ಗೊತ್ತಾದದ್ದು. ನೀವು ಕೈ ಹಾಕಿ ನಿಲ್ಲಿಸಿದಾಗಲೇ ನಾನು ನೋಡಿದೆ."

ಅಂದರೆ ನಾವು ಹುಡುಗಿ ನೋಡಲು ಹೋದರೆ, ಹುಡುಗಿ ಅಡುಗೆಮನೆಯಿಂದ ನಮ್ಮನ್ನೇ ನೋಡುತ್ತಿದ್ದಳು!

ಕೈ ತೊಳೆಯಲು ಎದ್ದಾಗ ಜೊಹರಾ ನನ್ನ ಕಿವಿಯ ಹತ್ತಿರ ಬಂದಳು. "ಬಿಟ್ಟುಬಿಡುವ ಅತ್ತಿಗೆ. ನಿಖಾಹ್‌ಗೆ ಮೊದಲೇ ಸ್ವಂತ ಉಮ್ಮನನ್ನು ಬಿಟ್ಟುಕೊಟ್ಟವಳು, ನಾಳೆ ನಿಮ್ಮನ್ನು ಬಿಡ್ತಾಳಾ?"

ಮಾತು ತೆಗೆದುಹಾಕುವ ಹಾಗಿರಲಿಲ್ಲ. ನಾನು ಎದುರು ಮಾತು ಕೇಳಿ ಅಭ್ಯಾಸ ಇರುವವಳಲ್ಲ, ಅದು ನನಗೂ ಗೊತ್ತು.

ಹಿತ್ತಿಲಲ್ಲಿ ಆಮಿನಾ ಮಗಳನ್ನು ಬೈಯುತ್ತಿದ್ದದ್ದು ಕೇಳುತ್ತಿತ್ತು. "ಒಂದು ಗಂಟೆ ಬಾಯಿ ಮುಚ್ಚಿ ಕೂತಿದ್ದರೆ ಆಗ್ತಿರಲಿಲ್ವಾ? ಈಗ ಓದೂ ಇಲ್ಲ, ಮದುವೆಯೂ ಇಲ್ಲ."

"ಅದು ಗೊತ್ತಿದ್ದೇ ಹೇಳಿದ್ದು ಉಮ್ಮ. ಅವರು ಅಕ್ಕಿಯವರು. ಸುಳ್ಳು ಹೇಳಿ ಹೋದ ಮನೆಯಲ್ಲಿ ನಾನು ಹೇಗೆ ತಲೆ ಎತ್ತುವುದು?"

ಅಲ್ಲಿಗೆ ನನಗೆ ಬೇಕಾದದ್ದು ಸಿಕ್ಕಿತು.

ವ್ಯಾಪಾರದ ಮನೆಗೆ ಚಂದದ ಮಾತಿನವರು ಎಷ್ಟೋ ಮಂದಿ ಬರುತ್ತಾರೆ. ತನಗೇ ನಷ್ಟ ಎಂದು ಗೊತ್ತಿದ್ದೂ ಇದ್ದದ್ದನ್ನು ಇದ್ದ ಹಾಗೆ ಹೇಳುವವರನ್ನು ನಾನು ಹುಡುಕಿದರೂ ಕಂಡಿರಲಿಲ್ಲ. ಎದುರು ಮಾತಾಡಿದರೆ ಮಾತಾಡಲಿ... ನನಗೂ ಬಾಯಿ ಉಂಟಲ್ಲ!

ಸೀದಾ ಚಾವಡಿಯ ಪರದೆಯ ಹತ್ತಿರ ಹೋಗಿ ಕರೆದೆ.

"ಇಬ್ರಾಹಿಂ, ಹುಡುಗಿ ಒಪ್ಪಿಗೆ. ಪರೀಕ್ಷೆ ಬರೆಯಲಿ, ಅದು ಮುಗಿದ ಮೇಲಿನ ದಿನ ನೋಡು."

"ಅತ್ತಿಗೆ, ನಾವು ಇಲ್ಲಿ ಮಾತು ಸುರು ಮಾಡಿದ್ದಷ್ಟೇ..."

"ನಾನು ಮುಗಿಸಿ ಆಯ್ತು."

ಕೊನೆಯ ಪೇಪರ್ ಬರೆದು ಬಂದ ಮೇಲೆಯೇ ನಿಖಾಹ್ ನಡೆಸಿದೆ.