ಸಿತ್ರಾದ ರೋನ್ಸನ್ ತೆಗೆದ ಲ್ಯೂಬೆಕ್

ಬೆಳಿಗ್ಗೆ ಐದೂಕಾಲು. ಬಹರೈನಿನ ಸಿತ್ರಾದಲ್ಲಿರುವ ಕಾರ್ಖಾನೆಯೊಂದರ ಪಂಪ್ ಹೌಸ್. ಹೊರಗೆ ಇನ್ನೂ ನಸುಕು, ಒಳಗೆ ಹದಿನೆಂಟು ಪಂಪುಗಳ ಗದ್ದಲ. ರೋನ್ಸನ್ ಕುಟಿನ್ಹೊ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಏಳನೇ ಪಂಪಿನ ಬೇರಿಂಗ್ ಮೇಲಿಟ್ಟು, ಹಿಡಿಯನ್ನು ಬಲಗಿವಿಗೆ ಒತ್ತಿ ನಿಂತಿದ್ದಾರೆ. ಎಡಗಿವಿ ಈ ಗದ್ದಲಕ್ಕೇ ಅರ್ಧ ಹೋಗಿದೆ. ಕಣ್ಣು ಮುಚ್ಚಿ ಅರ್ಧ ನಿಮಿಷ ಪಂಪಿನ ಒಳಗಿನ ಸದ್ದು ಕೇಳುತ್ತಾರೆ. ಆಮೇಲೆ ಪಂಪಿನ ನಂಬರ್ ಬರೆದ ತಗಡನ್ನು ಅದರ ಪಕ್ಕಕ್ಕೆ ಒರಗಿಸಿ, ಲೆಕ್ಕ ಹಾಕಿದಂತೆ ಮೂರು ಹೆಜ್ಜೆ ಹಿಂದೆ ಸರಿದು, ಕ್ಯಾಮೆರಾ ಎತ್ತುತ್ತಾರೆ.

“ಬಿಚ್ಚುವ ಮೊದಲು ಒಂದು ಫೋಟೊ, ಬಿಚ್ಚಿದ ಮೇಲೆ ಒಂದು, ಕಟ್ಟಿದ ಮೇಲೆ ಒಂದು. ನಿಲ್ಲುವ ಜಾಗ ಮಾತ್ರ ಬದಲಾಗ್ಲಿಕ್ಕಿಲ್ಲ ಮಾರ್ರೆ. ನಾವು ಅಲ್ಲಿ ಇಲ್ಲಿ ನಿಂತು ತೆಗೆದ್ರೆ ಬದಲಾದದ್ದು ಪಂಪಾ ನಾವಾ ಅಂತ ಗೊತ್ತಾಗುದು ಹೇಗೆ?” ಎನ್ನುತ್ತಾರೆ.

ಗೇಟ್‌ಪಾಸ್ ಹಿಡಿದು ನಾನು ಇಲ್ಲಿಗೆ ಬಂದದ್ದು ಪಂಪ್ ನೋಡಲು ಅಲ್ಲ. ಕಳೆದ ತಿಂಗಳು ರಾಜಧಾನಿ ಮನಾಮಾದ ಹೋಟೆಲ್ ಒಂದರಲ್ಲಿ ಈ ಕಾರ್ಖಾನೆಯ ಕಂಪನಿ ಫೋಟೊ ಪ್ರದರ್ಶನ ನಡೆಸಿತು. ಉತ್ತರ ಜರ್ಮನಿಯ ಲ್ಯೂಬೆಕ್ ಎಂಬ ಹಳೆಯ ನಗರದ ನಲವತ್ತೆರಡು ಚಿತ್ರಗಳು. ಕೆಂಪು ಇಟ್ಟಿಗೆಯ ಮನೆಗಳು, ಬಗ್ಗಿಕೊಂಡೇ ಒಳಗೆ ಹೋಗಬೇಕಾದ ಓಣಿಗಳು, ಚರ್ಚಿನ ಗೋಪುರಗಳು. ಪ್ರವಾಸಿಗಳು ತೆಗೆಯುವ ಥಳಕಿನ ಚಿತ್ರಗಳಲ್ಲ ಅವು. ಪ್ರತಿ ಚಿತ್ರದಲ್ಲೂ ಯಾರೋ ಕೆಲಸ ಮಾಡುತ್ತಿದ್ದಾರೆ: ರೊಟ್ಟಿ ಬೇಯಿಸುತ್ತಾ, ಬೀದಿ ಗುಡಿಸುತ್ತಾ, ದೋಣಿಗೆ ಬಣ್ಣ ಬಳಿಯುತ್ತಾ. ತೆಗೆದವರು ಯಾರೆಂದು ಕೇಳಿದೆ. “ಕಂಪನಿಯ ಸಂಗ್ರಹ” ಎಂಬ ಉತ್ತರ ಬಂತು. ನಲವತ್ತೆರಡರ ಕೆಳಗೂ ಅದನ್ನೇ ಅಚ್ಚು ಹಾಕಿಸಿದ್ದರು. ಕಂಪನಿಗೆ ಕಣ್ಣು ಯಾವಾಗ ಬಂತು ಸ್ವಾಮಿ? ಚಳಿಯಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ಬೇಕರಿಯ ಮುಂದೆ ಕಾಯುವ ಕಾಲು ಯಾವಾಗ ಬಂತು?

ಕಾದವರು ಈ ರೋನ್ಸನ್ ಎಂದು ಆಮೇಲೆ ಅವರ ಜೊತೆ ದುಡಿಯುವವರಿಂದ ತಿಳಿಯಿತು. ಉಡುಪಿ ಹತ್ತಿರದ ಶಿರ್ವದವರು. ಐವತ್ತೊಂದು ವರ್ಷ. ಐ.ಟಿ.ಐ. ಮುಗಿಸಿ, ಇಪ್ಪತ್ತನಾಲ್ಕರ ಹರೆಯದಲ್ಲಿ ಫಿಟ್ಟರ್ ಆಗಿ ಇಲ್ಲಿಗೆ ಬಂದರು. ಮೊದಲ ಒಂಬತ್ತು ವರ್ಷ ಕಾರ್ಮಿಕರ ಕ್ಯಾಂಪಿನ ಒಂದು ಕೋಣೆಯಲ್ಲಿ ಎಂಟು ಜನರ ವಾಸ. ಈಗ ಮನಾಮಾದ ಗುದೈಬಿಯಾ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಪುಟ್ಟ ಫ್ಲ್ಯಾಟ್. ಹೆಂಡತಿ ವಾಯೊಲೆಟ್ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್. ಇವರದು ಹನ್ನೆರಡು ಗಂಟೆಯ ಪಾಳಿ, ಅವರದು ತಿರುಗುವ ಪಾಳಿ. “ನಾವಿಬ್ಬರು ಹೆಚ್ಚು ಮಾತಾಡಿದ್ದು ಮೆಟ್ಟಿಲ ಮೇಲೆಯೇ. ಇವರು ಇಳಿಯುವಾಗ ನಾನು ಹತ್ತುದು,” ಎಂದು ವಾಯೊಲೆಟ್ ನಗುತ್ತಾರೆ.

ಒಂದು ಪಾಳಿಯಲ್ಲಿ ನಾಲ್ಕು ಸುತ್ತು, ಸುತ್ತಿಗೆ ಹದಿನೆಂಟು ಪಂಪು. ಬೇಸಿಗೆಯಲ್ಲಿ ಪಂಪ್ ಹೌಸಿನೊಳಗೆ ನಿಂತರೆ ಬೂಟಿನೊಳಗೆ ಬೆವರು ತುಂಬುತ್ತದೆ. ರಿಪೇರಿಯ ದಾಖಲೆಗೆಂದು ಕಾರ್ಖಾನೆ ಒಂದು ಕ್ಯಾಮೆರಾ ಕೊಟ್ಟಾಗ ಅದನ್ನು ಮುಟ್ಟಲು ಉಳಿದವರು ಹಿಂಜರಿದರು, ರೋನ್ಸನ್ ಕೈಗೆತ್ತಿಕೊಂಡರು. ಫೋಟೊ ತೆಗೆಯಲು ಕಲಿತದ್ದು ಹಾಗೆ. ಗುರು ಇಲ್ಲ, ಪುಸ್ತಕ ಇಲ್ಲ. ಮುಂದೆ ಮನಾಮಾದ ಅಂಗಡಿಯಲ್ಲಿ ಒಬ್ಬರು ಬಳಸಿ ಬಿಟ್ಟ ಕ್ಯಾಮೆರಾ ಸಿಕ್ಕಿತು. ಇವರ ಸ್ವಂತದ್ದು ಅದು, ಲ್ಯೂಬೆಕ್‌ಗೆ ಒಯ್ದದ್ದೂ ಅದನ್ನೇ.

ಆ ಪಂಪುಗಳು ತಯಾರಾಗುವುದು ಲ್ಯೂಬೆಕ್‌ನಲ್ಲಿ. ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ರೋನ್ಸನ್‌ರನ್ನು ತರಬೇತಿಗೆಂದು ಅಲ್ಲಿಗೆ ಕಳಿಸಿದ್ದಾರೆ, ಒಂದೊಂದು ಸಲ ಐದಾರು ವಾರ. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತದೆ. ಜೊತೆಗೆ ಹೋದವರು ಹೊದ್ದು ಮಲಗುತ್ತಿದ್ದರು, ಇವರು ಚರ್ಚಿನ ಪೂಜೆ ಮುಗಿಸಿ ಊರು ಸುತ್ತುತ್ತಿದ್ದರು. ವಾರದ ದಿನಗಳಲ್ಲಿ ಫ್ಯಾಕ್ಟರಿಯ ಬಸ್ಸು ಬರುವ ಮೊದಲು ಎರಡು ಗಂಟೆ ಸಿಗುತ್ತಿತ್ತು.

“ಅದು ಕೂಡ ನೀರಿನ ನಡುವಿನ ಊರು, ಇಲ್ಲಿಯ ನಮ್ಮ ಮುಹರ್ರಕ್ ದ್ವೀಪದ ಹಾಗೆ. ದೊಡ್ಡ ಮನೆಗಳ ಅಡಿಯಿಂದ ಸಣ್ಣ ಸಣ್ಣ ಓಣಿ ಉಂಟು, ತಲೆ ಬಗ್ಗಿಸಿ ಹೋಗ್ಬೇಕು. ಒಂದು ಶವಪೆಟ್ಟಿಗೆ ಹೋಗುವಷ್ಟು ಅಗಲ ಇರ್ಲೇಬೇಕು ಅಂತ ಆ ಕಾಲದ ಕಾನೂನಂತೆ. ಒಳಗೆ ಹೋದ್ರೆ ಪುಟ್ಟ ಮನೆ, ಬಾಗಿಲಲ್ಲಿ ಗುಲಾಬಿ ಬಳ್ಳಿ. ಮುಂಚೆ ಕೂಲಿಯವ್ರು ಇದ್ದದ್ದು ಅದರಲ್ಲಿ.”

ಇವರು ಊರಿನ ಫೋಟೊ ತೆಗೆದದ್ದೂ ಪಂಪಿನ ಫೋಟೊ ತೆಗೆಯುವ ಕ್ರಮದಲ್ಲೇ. ಮೊದಲ ಪ್ರವಾಸದಲ್ಲಿ ಎಲ್ಲಿ ನಿಂತರೋ ಎರಡನೆಯದರಲ್ಲೂ ಅಲ್ಲೇ, ಅದೇ ಹೊತ್ತಿಗೆ, ಅದೇ ದೂರಕ್ಕೆ. ಹನ್ನೊಂದು ವರ್ಷದ ನಾಲ್ಕು ಚಿತ್ರಗಳನ್ನು ಒಟ್ಟಿಗಿಟ್ಟರೆ ಒಂದು ಓಣಿ ಮುದಿಯಾಗುವುದು ಕಾಣುತ್ತದೆ. ಕಿಟಕಿಯ ಬಣ್ಣ ಹೋಗುತ್ತದೆ, ಚಮ್ಮಾರನ ಅಂಗಡಿಯಲ್ಲಿ ಕಾಫಿ ಅಂಗಡಿ ಬರುತ್ತದೆ, ಬೇಕರಿಯ ಉಟೆ ಎಂಬ ಹೆಂಗಸಿನ ಕೂದಲು ಬೆಳ್ಳಗಾಗುತ್ತದೆ. ನಾಲ್ಕನ್ನೂ ನಾನು ಮತ್ತೆ ಮೊದಲಿನಿಂದ ನೋಡಿದೆ.

ಜರ್ಮನ್ ಬರುತ್ತಿತ್ತೇ ಎಂದು ಕೇಳಿದೆ. “ಎಲ್ಲಿ ಬರ್ತದೆ! ಅಲ್ಲಿ ಬೆಳಿಗ್ಗೆ ಆಗ್ಲಿ ಸಂಜೆ ಆಗ್ಲಿ ‘ಮೊಯಿನ್’ ಅಂದ್ರೆ ನಮಸ್ಕಾರ ಆಯ್ತು. ಮತ್ತೆ ಕ್ಯಾಮೆರಾ ತೋರಿಸಿ ತಲೆ ಆಡಿಸುದು. ಬೇಡ ಅಂದ್ರೆ ಬಿಟ್ಟೆ. ಹೂಂ ಅಂದವರಿಗೆ ಮುಂದಿನ ಸಲ ಪ್ರಿಂಟ್ ತಕ್ಕೊಂಡು ಹೋಗಿ ಕೊಟ್ಟೆ. ಉಟೆ ಅದನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದಾಳೆ.”

ಇಷ್ಟು ಮಾಡಿದ ಮನುಷ್ಯ ಒಂದು ಎಡವಟ್ಟು ಮಾಡಿಕೊಂಡರು. ಪಂಪ್ ಫಿಟ್ಟರ್ ಅಲ್ಲದವರು ಅದನ್ನು ಮಾಡಲಾರರು. ಕಾರ್ಖಾನೆಯ ನಿಯಮದಂತೆ ರಿಪೇರಿಯ ಫೋಟೊಗೆ ಜಾಗದ ನಂಬರ್, ತಾರೀಕು, ಹೊತ್ತು ಇಷ್ಟೇ ಬರೆಯಬೇಕು. ತೆಗೆದವರ ಹೆಸರು ಬರೆಯುವಂತಿಲ್ಲ. ಇಪ್ಪತ್ತು ವರ್ಷದ ಕೈರೂಢಿ. ಲ್ಯೂಬೆಕ್‌ನ ಪ್ರತಿ ಫೋಟೊಗೂ ಹಾಗೇ ಓಣಿಯ ನಂಬರ್, ತಾರೀಕು, ಹೊತ್ತು ಕೊಟ್ಟರು. ತಮ್ಮ ಹೆಸರನ್ನು ಒಂದು ಕಡೆಯೂ ಹಾಕಲಿಲ್ಲ. ಪಂಪ್ ತಯಾರಕರೊಂದಿಗಿನ ಸಂಬಂಧಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ, ಜರ್ಮನಿಗೆ ಹೋದವರು ಫೋಟೊ ಕೊಡಿ ಎಂದು ಆಫೀಸಿನಿಂದ ಸೂಚನೆ ಬಂದಾಗ ನಾನೂರು ಚಿತ್ರಗಳ ಪೆನ್‌ಡ್ರೈವ್ ಕೊಟ್ಟು ಬಂದರು.

“ಡ್ಯಾಡಿ, ವಾಟರ್‌ಮಾರ್ಕ್ ಆದ್ರೂ ಹಾಕ್ಬಾರ್ದಿತ್ತಾ?” ಎಂದು ಮಗಳು ನತಾಶಾ ಈಗಲೂ ಸಿಡುಕುತ್ತಾಳೆ. ಹುಡುಗಿಯ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮನೆಗೆ ಬೀಗ ಹಾಕದಿರುವುದು ತಪ್ಪಾದರೆ ಒಳಗೆ ನುಗ್ಗಿ ಪಾತ್ರೆ ಎತ್ತಿಕೊಂಡು ಹೋಗುವುದು ಏನು?

ಪ್ರದರ್ಶನದ ಸುದ್ದಿ ರೋನ್ಸನ್‌ಗೆ ಗೊತ್ತಾದದ್ದು ಕಂಪನಿ ಬಸ್ಸಿನಲ್ಲಿ. ಉದ್ಘಾಟನೆಗೆ ಆಫೀಸರುಗಳಿಗೆ ಮಾತ್ರ ಕರೆಯೋಲೆ. ಪಾಳಿಯ ಮೇಲ್ವಿಚಾರಕ ಅಲಿ ಮೊಬೈಲಿನಲ್ಲಿ ವೀಡಿಯೊ ತೋರಿಸಿದರು. ಅಲಿ ಬಹರೈನಿ, ಇವರೊಡನೆ ಹದಿನೈದು ವರ್ಷ ದುಡಿದವರು. ನನ್ನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದವರು ಈ ವಿಷಯ ಬಂದಾಗ ಅರಬ್ಬಿಗೆ ಹೊರಳಿ “ಹಾದಾ ಶುಗ್ಲ್ ರೋನ್ಸನ್” ಎಂದು ಮೇಜು ಗುದ್ದಿದರು. ಇದು ರೋನ್ಸನ್‌ನ ಕೆಲಸ ಎಂದರ್ಥ. ಇದನ್ನೇ ಅವರು ಮೇಲಿನವರಿಗೆ ಬರೆದೂ ಕೊಟ್ಟಿದ್ದಾರೆ.

ಸಾರ್ವಜನಿಕರನ್ನು ಬಿಡುವ ದಿನ ರೋನ್ಸನ್ ರಜೆ ಹಾಕಿ, ವಾಯೊಲೆಟ್ ಜೊತೆ ಹೋದರು. ವಾಯೊಲೆಟ್ ಹಬ್ಬದ ಸೀರೆ ಉಟ್ಟಿದ್ದರು. ಗಂಡ ತೆಗೆದ ಚಿತ್ರಗಳನ್ನು ಅಷ್ಟು ದೊಡ್ಡದಾಗಿ ಅವರು ನೋಡಿದ್ದು ಅದೇ ಮೊದಲು. ಊರ ಬಾಗಿಲಿನ ಜೋಡಿ ಗೋಪುರದ ಚಿತ್ರದ ಮುಂದೆ ರೋನ್ಸನ್ ನಿಂತುಬಿಟ್ಟರು. ಎಡ ಬಲ ಆಗಿತ್ತು, ಬಲ ಎಡ ಆಗಿತ್ತು. ಪ್ರಿಂಟ್ ಹಾಕುವಾಗ ತಿರುವಿ ಹಾಕಿದ್ದರು. ಉಟೆಯ ಚಿತ್ರದ ಕೆಳಗೆ ‘ಮಾರುಕಟ್ಟೆಯ ಮಹಿಳೆ’ ಎಂದಿತ್ತು. ಪ್ರದರ್ಶನ ನೋಡಿಕೊಳ್ಳುತ್ತಿದ್ದ ಹುಡುಗಿಗೆ ಎರಡು ತಪ್ಪನ್ನೂ ಹೇಳಿ, ಫೋಟೊ ತೆಗೆದವನು ನಾನೇ ಎಂದೂ ಹೇಳಿದರು. ಆಕೆ ಎಲ್ಲವನ್ನೂ ಬರೆದುಕೊಂಡಳು.

ಮರುದಿನ ಗೋಪುರ ಸರಿಯಾಗಿತ್ತು. ‘ಬೇಕರಿಯ ಉಟೆ’ ಎಂಬ ಹೊಸ ಚೀಟಿ ಬಂದಿತ್ತು. ಅದರ ಕೆಳಗೆ ಮೊದಲಿನಂತೆಯೇ ‘ಕಂಪನಿಯ ಸಂಗ್ರಹ’. ಓದುಗರೇ, ನನ್ನ ಮೈ ಉರಿದದ್ದು ಇದನ್ನು ಕೇಳಿದಾಗ. ಇವರ ತಿದ್ದುಪಡಿ ಬೇಕು, ಇವರ ನೆನಪು ಬೇಕು, ತಾವು ಕಂಡರಿಯದ ಹೆಂಗಸಿನ ಹೆಸರು ಇವರ ಬಾಯಿಂದ ಬೇಕು. ಇವರ ಹೆಸರಿಗೆ ಮಾತ್ರ ಚೀಟಿಯಲ್ಲಿ ಜಾಗವಿಲ್ಲ. ಗೊತ್ತಿಲ್ಲದೆ ಆಯಿತು ಎನ್ನಲು ಇನ್ನು ಬರುವುದಿಲ್ಲ.

ಪ್ರಚಾರ ವಿಭಾಗದ ಟೀನಾ ಅವರನ್ನು ನಾನು ಕಂಡೆ. ಒಳ್ಳೆಯ ಮಾತಿನ ಹೆಣ್ಣುಮಗಳು, ಕಾಫಿ ತರಿಸಿದರು. “ಫೈಲಿನಲ್ಲಿ ಹೆಸರಿಲ್ಲ ಸರ್. ಮತ್ತೆ ಅವರು ಹೋದದ್ದು ಕಂಪನಿ ಟಿಕೆಟಿನಲ್ಲಿ. ನನ್ನ ಕೈಯಲ್ಲಿ ಏನೂ ಇಲ್ಲ” ಎಂದರು. ಕಂಪನಿ ಟಿಕೆಟಿನಲ್ಲಿ ಹೋಗಿ ಅವರು ಹಾಡು ಹೇಳಿದ್ದರೆ ಆ ದನಿಯೂ ಕಂಪನಿಯದಾಗುತ್ತಿತ್ತೇ ಎಂದು ಕೇಳಿದೆ. ಇನ್ನೊಂದು ಕಾಫಿ ತರಿಸಲೇ ಎಂದರು ಟೀನಾ.

ಈಗ ಪ್ರದರ್ಶನ ಏಪ್ರಿಲ್‌ನಲ್ಲಿ ಲ್ಯೂಬೆಕ್‌ಗೇ ಹೊರಟಿದೆ. ಉಟೆ ಬರುತ್ತಾಳೆ, ದೋಣಿಯವನು ಬರುತ್ತಾನೆ, ಪ್ರಿಂಟ್ ತಂದುಕೊಟ್ಟವನನ್ನು ಹುಡುಕುತ್ತಾರೆ. ಆ ಪಂಚಾಯ್ತಿಕೆ ಅಲ್ಲಿ ಬೇಡವೆಂದು ಆಫೀಸಿನವರು ರೋನ್ಸನ್‌ಗೆ ಒಂದು ಕಾಗದ ಕಳಿಸಿದ್ದಾರೆ. “ಈ ಚಿತ್ರಗಳನ್ನು ಕಂಪನಿಯ ತಂಡ ತೆಗೆದಿದೆ, ನನ್ನ ವೈಯಕ್ತಿಕ ಕೆಲಸ ಇದರಲ್ಲಿಲ್ಲ” ಎಂದು ಅದರಲ್ಲಿ ಬರೆದಿದೆ. ಗುರುವಾರದೊಳಗೆ ಸಹಿ ಬೇಕಂತೆ. ಇವರ ಕೆಲಸದ ಒಪ್ಪಂದ ಹೊಸದಾಗಬೇಕಾದ್ದು ಮುಂದಿನ ತಿಂಗಳು. ಎರಡಕ್ಕೂ ಸಂಬಂಧವಿಲ್ಲ ಎಂದೂ ತಾವಾಗಿಯೇ ಹೇಳಿ ಕಳಿಸಿದ್ದಾರೆ. ಕೇಳದೇ ಹೇಳಿದ ಮಾತಿಗೆ ಏನರ್ಥ ಎಂಬುದು ಕೊಲ್ಲಿಯಲ್ಲಿ ದುಡಿದ ಎಲ್ಲರಿಗೂ ಗೊತ್ತು.

ಅವರ ಫ್ಲ್ಯಾಟಿನಲ್ಲಿ ಕುಳಿತಿದ್ದೇವೆ. ಕಾಗದ ಊಟದ ಮೇಜಿನ ಮೇಲಿದೆ. ಲೇಖನದಲ್ಲಿ ಹೆಸರು ಬದಲಿಸಲೇ, ತೊಂದರೆಯಾದೀತು, ಎಂದು ಕೇಳುತ್ತೇನೆ.

“ಹೆಸರಿಗೋಸ್ಕರವೇ ಇಷ್ಟೆಲ್ಲ ಆದದ್ದು. ನೀವೂ ಅದನ್ನೇ ತೆಗೀತೀರಾ ಮಾರ್ರೆ?” ಎಂದು ರೋನ್ಸನ್ ನಗುತ್ತಾರೆ. ವಾಯೊಲೆಟ್ ನಗುವುದಿಲ್ಲ. ಡ್ಯೂಟಿಗೆ ಹೊರಟವರು ಬಾಗಿಲಲ್ಲಿ ನಿಂತು, “ಊರಿಗೆ ಹೋಗ್ಬೇಕಾಗಿ ಬಂದ್ರೆ ಹೋಗುವ. ನನ್ನ ಸಂಬಳ ಉಂಟಲ್ಲ ಅಷ್ಟರವರೆಗೆ,” ಎಂದು ಹೇಳಿ ಮೆಟ್ಟಿಲಿಳಿಯುತ್ತಾರೆ.

ಹಾಗಾದರೆ ಗುರುವಾರ ಏನು ಮಾಡುತ್ತೀರಿ?

ರೋನ್ಸನ್ ಕಾಗದವನ್ನು ಇನ್ನೊಮ್ಮೆ ಓದುತ್ತಾರೆ. ಗ್ರೀಸ್ ಮೆತ್ತಿ ಕಪ್ಪಾದ ಬೆರಳುಗಳು ಸಾಲಿನಿಂದ ಸಾಲಿಗೆ ನಿಧಾನವಾಗಿ ಸರಿಯುತ್ತವೆ. ಕೊನೆಗೆ ಅದನ್ನು ಮಡಚಿ ನನ್ನ ಕಡೆ ತಳ್ಳುತ್ತಾರೆ.

“ಇಪ್ಪತ್ತೇಳು ವರ್ಷ ದಿನಾ ರಿಜಿಸ್ಟರಿಗೆ ಸೈನ್ ಹಾಕಿದ್ದೇನೆ, ಈ ಕೆಲಸ ನಾನು ಮಾಡಿದ್ದು ಅಂತ. ಮಾಡ್ಲಿಲ್ಲ ಅಂತ ಸೈನ್ ಹಾಕ್ಲಿಕ್ಕೆ ನನಗೆ ಬರುದಿಲ್ಲ.”