ಬಳೆಗೆ ಕೇಂದ್ರ ಎಲ್ಲಿ?

ಜಯನಗರ ನಾಲ್ಕನೇ ಬ್ಲಾಕಿನ ಬಳೆ ಅಂಗಡಿಯಲ್ಲಿ ಮೊನ್ನೆ ಹೆಂಡತಿಯ ಹಿಂದೆ ಚೀಲ ಹಿಡಿದು ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಕೈ ಚಾಚಿ, "ಅಣ್ಣ, ಹಸಿರು ಗಾಜಿಂದು, ಎರಡು-ಆರು ಕೊಡಿ" ಎಂದರು. ಎರಡು-ಆರು ಬಳೆಯ ಅಳತೆ. ಗಂಡಸರು ತಿಳಿದಿರಲೇಬೇಕಾದ ಸಂಗತಿಯೇನಲ್ಲ, ಆದರೆ ನನಗೆ ಗೊತ್ತು. ಆ ಬಳೆಯನ್ನು ಕಾಗದದ ಮೇಲಿಟ್ಟು ಒಳಗಡೆ ಪೆನ್ಸಿಲ್ ಸುತ್ತಿಸಿದರೆ ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರುತ್ತದೆ. ಇದನ್ನು ನನಗೆ ಕಲಿಸಿದವರು ಓನರ್ ಆಂಟಿ.

ಅವರ ಹೆಸರು ನಾಗರತ್ನಮ್ಮ. ಮದುವೆಗೆ ಮುಂಚೆ, ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದಾಗ, ಜರಗನಹಳ್ಳಿಯ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳನ್ನು ಬೆಳೆದ ಕುಟುಂಬ ಅದು. ಟ್ಯಾಂಕಿನ ನೀರು, ಟೆರೇಸಿನ ಬೀಗ, ಯಾರ ಸ್ಕೂಟರ್ ಎಲ್ಲಿ ನಿಲ್ಲಬೇಕೆಂಬುದು, ಎಲ್ಲವೂ ಆಂಟಿಯ ಆಡಳಿತ. ಅದಕ್ಕೆ ತಲೆಬಾಗದವಳೆಂದರೆ ಹತ್ತನೇ ಕ್ಲಾಸಿನಲ್ಲಿದ್ದ ಮಗಳು ರಮ್ಯ. ಒಂದು ದಿನ ಆಂಟಿ "ಲೆಕ್ಕ ಮಾಡೇ" ಎಂದು ಗದರಿದಾಗ ಅವಳು ತಿರುಗಿ ನಿಂತು, "ನೀನೇ ಲೆಕ್ಕದಲ್ಲಿ ಫೇಲು, ನನಗೇನ್ ಹೇಳ್ತೀಯ?" ಎಂದಳು.

ಮಾತು ನಿಜವಾಗಿತ್ತು, ತೊಂದರೆ ಇದ್ದದ್ದೇ ಅಲ್ಲಿ. ಆಂಟಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ಫೇಲಾಗಿ, ಆಮೇಲೆ ಮದುವೆಯಾಗಿ ಬಂದವರು. ಮಗಳ ಈ ಮಾತಾದ ಸ್ವಲ್ಪ ದಿನಕ್ಕೆ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ ಬಂದರು. "ಪಾಸಾಗೋವರೆಗೂ ಅವಳಿಗೆ ಓದು ಅಂತ ಒಂದ್ ಮಾತು ಹೇಳಲ್ಲ" ಎಂದು ನನ್ನ ಬಾಗಿಲಿಗೆ ಬಂದು ಸಾರಿದರು.

"ಪೇಪರ್ನೋರೆ, ನಿಮಗೆ ಲೆಕ್ಕ ಬರುತ್ತಾ?"

"ಬಂದಿದ್ರೆ ಪೇಪರ್‌ಗೆ ಯಾಕ್ ಸೇರ್ತಿದ್ದೆ ಆಂಟಿ?"

"ಸರಿ, ಬೆಳಗ್ಗೆ ಕೆಳಗಿಳಿದು ಬನ್ನಿ. ಕಾಫಿ ಕೊಡ್ತೀನಿ."

ಕಾಫಿ ಚೆನ್ನಾಗಿತ್ತು. ಹಾಗಾಗಿ ನಾನೂ ಮತ್ತೊಮ್ಮೆ ಪ್ರಮೇಯ ಕಲಿತೆ: ದತ್ತ, ಸಾಧನೀಯ, ರಚನೆ, ಸಾಧನೆ. ಏನು ಕೊಟ್ಟಿದ್ದಾರೆ, ಏನನ್ನು ಸಾಧಿಸಬೇಕು ಎಂದು ಮೊದಲೇ ಬರೆದುಕೊಳ್ಳುವ ಮರ್ಯಾದೆ ನಮ್ಮ ಸುದ್ದಿಮನೆಯಲ್ಲೂ ಇರಲಿಲ್ಲ. ಆಂಟಿ ಮಾತ್ರ ಎಲ್ಲವನ್ನೂ ತಮ್ಮ ಮನೆಗೆ ತಂದುಕೊಂಡೇ ಅರ್ಥ ಮಾಡಿಕೊಳ್ಳುತ್ತಿದ್ದರು. "ಸ್ಪರ್ಶಕ ಅಂದ್ರೆ ಬಾಗ್ಲಲ್ಲೇ ಮಾತಾಡ್ಸಿ ಹೋಗೋರು. ಛೇದಕ ನಮ್ಮ ಅತ್ತಿಗೆ. ಮುಂದಿನ ಬಾಗ್ಲಲ್ಲಿ ಬಂದು, ಅಡುಗೆಮನೆ ನೋಡಿ, ಹಿಂದಿನ ಬಾಗ್ಲಲ್ಲಿ ಹೋಗೋದು."

"ಜ್ಯಾ?"

"ಒಳಗಡೆ ಗೋಡೆಯಿಂದ ಗೋಡೆಗೆ ಕಟ್ಟಿರೋ ಬಟ್ಟೆ ಹಗ್ಗ."

ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ಪಠ್ಯದಲ್ಲಿ ಸಿಗಲಿಲ್ಲ. ವರದಿಗಾರ ಈ ಮೂವರಲ್ಲಿ ಯಾರ ಜಾತಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸಮಸ್ಯೆ ಕೈವಾರದ್ದು. ರಂಗೋಲಿಯಲ್ಲಿ ಸಲೀಸಾಗಿ ಓಡುತ್ತಿದ್ದ ಕೈ, ಕೈವಾರ ಹಿಡಿದೊಡನೆ ಸೆಟೆದುಕೊಳ್ಳುತ್ತಿತ್ತು. ಒಂದು ಬೆಳಗ್ಗೆ ಬೇಸತ್ತು ಬಳೆ ಬಿಚ್ಚಿ ಕಾಗದದ ಮೇಲಿಟ್ಟರು.

"ಬಳೆಗೆ ಕೇಂದ್ರ ಇರಲ್ಲ ಆಂಟಿ. ಕೇಂದ್ರ ಇಲ್ದೆ ತ್ರಿಜ್ಯ ಇಲ್ಲ, ತ್ರಿಜ್ಯ ಇಲ್ದೆ ಸ್ಪರ್ಶಕ ಎಲ್ಲಿಂದ ಬರುತ್ತೆ?"

"ಹುಡುಕೋಣ. ಎಲ್ಲೋಗಿರುತ್ತೆ, ಒಳಗೇ ತಾನೇ ಇರ್ಬೇಕು?"

ಎರಡು ಜ್ಯಾಗಳನ್ನು ಎಳೆದು, ಎರಡರ ಮಧ್ಯದಿಂದಲೂ ಲಂಬ ಎಳೆದರೆ ಅವು ಕೂಡುವಲ್ಲಿ ಕೇಂದ್ರ ಸಿಗುತ್ತದೆ. ಅದನ್ನು ತೋರಿಸಿದೆ. ಸ್ಕೂಲ್ ಬ್ಯಾಗ್ ಏರಿಸಿಕೊಂಡು ಹೊರಟಿದ್ದ ರಮ್ಯ ಬಗ್ಗಿ ನೋಡಿ, "ಚುಕ್ಕಿ ಎಷ್ಟಮ್ಮ ಈ ರಂಗೋಲಿಗೆ?" ಎಂದು ಕೇಳಿ ಹೋದಳು.

ಪರೀಕ್ಷೆಯ ದಿನ ತಾಯಿ ಮಗಳು ಬೇರೆ ಬೇರೆ ಕೇಂದ್ರಗಳಿಗೆ ಹೋದರು. ಸಂಜೆ ಆಂಟಿ ವರದಿ ಒಪ್ಪಿಸಿದರು. ಕೈವಾರದ ತಿರುಪು ಸಡಿಲವಾಗಿ, ವೃತ್ತ ಸುತ್ತಿ ಬಂದು ತನ್ನ ಬಾಲವನ್ನೇ ತಪ್ಪಿಸಿಕೊಂಡಿತಂತೆ. ಕೇಳಿದ್ದು ಮೂರು ಸೆಂಟಿಮೀಟರ್ ತ್ರಿಜ್ಯದ ವೃತ್ತಕ್ಕೆ ಸ್ಪರ್ಶಕ.

"ನನ್ ಎರಡು-ಆರು ಬಳೆ ಬಿಚ್ಚಿದೆ. ಮೇಡಂ ದುರುಗುಟ್ಕೊಂಡ್ ನೋಡಿದ್ರು. ಕೈ ಊದಿದೆ ಮೇಡಂ ಅಂದೆ."

"ಬಳೇಲಿ ಬರೆದ್ರೆ ಮಾರ್ಕ್ಸ್ ಕೊಡಲ್ಲಮ್ಮ!" ರಮ್ಯ ಕಿರುಚಿದಳು.

"ಬಳೇಲಿ ಬರೆದೆ ಅಂತ ಸಹಿ ಹಾಕಿ ಬಂದಿದೀನಾ?"

ಫಲಿತಾಂಶ ಬಂದಾಗ ಮಗಳು ಒಳ್ಳೆಯ ಅಂಕದಲ್ಲಿ ಪಾಸು. ತಾಯಿ ಕೂದಲೆಳೆಯಲ್ಲಿ ಪಾಸು, ಆದರೂ ಪಾಸು. ಇಷ್ಟು ತಿಂಗಳಿಂದ ಆಂಟಿ ಮಗಳ ಆ 'ಫೇಲು' ಮಾತಿಗೆ ಉತ್ತರವಾಗಿ ಒಂದು ಮಾತನ್ನು ಮಸೆದಿಟ್ಟುಕೊಂಡಿದ್ದರೆಂದು ನನಗೆ ಗೊತ್ತಿತ್ತು. ಅದನ್ನು ಕೇಳಲೆಂದೇ ಕೆಳಗಿಳಿದು ಬಂದಿದ್ದೆ. ಅವರು ಬಾಯಿ ತೆರೆಯುವಷ್ಟರಲ್ಲಿ ರಮ್ಯ ಕಾಗದ, ಪೆನ್ಸಿಲ್ ತಂದು ಎದುರಿಗಿಟ್ಟಳು.

"ಆ ಸ್ಪರ್ಶಕದ ಲೆಕ್ಕ ನಾನು ಬಿಟ್ಟು ಬಂದಿದ್ದೆ ಅಮ್ಮ. ನೀನ್ ಹೆಂಗ್ ಮಾಡ್ದೆ, ತೋರ್ಸು."

ಆಂಟಿ ಒಮ್ಮೆ ನನ್ನ ಮುಖ ನೋಡಿದರು. ಮಸೆದಿಟ್ಟದ್ದನ್ನು ನುಂಗಿದರು. ನೆಲದ ಮೇಲೆ ಕೂತು, "ಮೊದ್ಲು ದತ್ತ ಬರ್ಕೊ" ಎಂದರು.

ಅಂಗಡಿಯಿಂದ ಮನೆಗೆ ಬಂದಾಗ ನನ್ನ ಮಗಳು ಬೀಜಗಣಿತದ ಪುಸ್ತಕ ತೆರೆದಿಟ್ಟು ಕಿಟಕಿಯಾಚೆ ನೋಡುತ್ತಿದ್ದಳು. ದಿನಾ ಹೇಳುವ "ಓದು" ಎಂಬ ಮಾತು ನಾಲಿಗೆಯವರೆಗೂ ಬಂತು. ಹೇಳದೆ ಪಕ್ಕದಲ್ಲಿ ಕೂತೆ.

"ಏನಪ್ಪಾ?"

"ಅದೇನು ಅಂತ ನನಗೂ ಹೇಳ್ಕೊಡು. ನಂಗೆ ಬರಲ್ಲ."

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಆಮೇಲೆ ಪುಸ್ತಕವನ್ನು ನನ್ನ ಕಡೆಗೆ ಒಂದಿಷ್ಟು ಸರಿಸಿದಳು.