ಸೆನ್ಸರ್‌ಗೊಂದು ಕೊಟ್ಟೆ

ಸಾಗರದ ಚರಂಡಿಗಳನ್ನು ಇಪ್ಪತ್ತು ವರ್ಷದಿಂದ ಬಳಿಯುತ್ತಿರುವ ಕೆರಿಯಪ್ಪನಿಗೆ ಇನ್ನೊಂದು ಕಸುಬೂ ಗೊತ್ತು. ಮಳೆಗಾಲಕ್ಕೆ ಮೊದಲು ಅಡಿಕೆ ಮರ ಹತ್ತಿ, ಗೊನೆಗಳು ನೀರು ತಾಗಿ ಕೊಳೆಯದಂತೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾನೆ. ಅವನು ಕಟ್ಟಿದ ಕೊಟ್ಟೆಯೊಳಗೆ ಒಂದು ಹನಿಯೂ ಇಳಿಯುವುದಿಲ್ಲ.

ಈ ವರ್ಷ ನಗರಸಭೆಯವರು ಹನ್ನೆರಡು ಚರಂಡಿಗಳಲ್ಲಿ ನೀರಿನ ಗಲೀಜು ಅಳೆಯುವ ಸೆನ್ಸರ್ ಕೂರಿಸಿದರು. "ದುಬಾರಿ ಸಾಮಾನು, ಜೋಪಾನ," ಎಂದು ಎಂಜಿನಿಯರ್ ಶ್ರಾವ್ಯಾ ಪೇಟೆ ಚರಂಡಿಯದನ್ನು ಅವನಿಗೆ ಒಪ್ಪಿಸಿದಳು. ಜೋಪಾನ ಹೇಗೆಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ನೀರು ತಾಗಿ ಹಾಳಾದೀತೆಂದು ಮೊದಲ ಮಳೆಗೇ ಕೆರಿಯಪ್ಪ ಅದಕ್ಕೊಂದು ಕೊಟ್ಟೆ ಬಿಗಿದ.

ವಾರದ ನಂತರ ಶ್ರಾವ್ಯಾ ಫೋನ್ ಮಾಡಿದಳು. "ಕೆರಿಯಪ್ಪನವ್ರೇ, ಇಡೀ ಊರಲ್ಲಿ ನಿಮ್ಮ ಚರಂಡಿ ಒಂದೇ ಕ್ಲೀನು! ಉಳಿದ ಹನ್ನೊಂದೂ ಗಲೀಜು ತೋರಿಸ್ತಿವೆ."

ಕೆರಿಯಪ್ಪ ಚರಂಡಿಗೆ ಬಗ್ಗಿ ನೋಡಿದ. ಹೋಟೆಲಿನ ಎಣ್ಣೆ, ಗ್ಯಾರೇಜಿನ ಕರಿ ನೀರು, ತಲೆ ತಿರುಗುವ ನಾತ.

"ನನ್ನ ಮೂಗೇನಾದ್ರೂ ಕೆಟ್ಟಿದ್ಯಾ?" ಎಂದು ಮನೆಗೆ ಬಂದು ಹೆಂಡತಿ ಯಮುನಮ್ಮನನ್ನು ಕೇಳಿದ.

"ಮೊದ್ಲು ಕಾಲು ತೊಳ್ಕಂಡು ಒಳಗೆ ಬನ್ನಿ," ಎಂದಳು ಆಕೆ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಮೂಗು ಸರಿಯಿದೆ. ಮಿಷನ್ನು ಸುಳ್ಳು ಹೇಳುವುದಿಲ್ಲ. ಹಾಗಾದರೆ? ಎರಡು ದಿನ ತಲೆ ಕೆಡಿಸಿಕೊಂಡವನಿಗೆ ಕೊನೆಗೆ ಹೊಳೆದದ್ದು ಒಂದೇ: ಉಳಿದ ಹನ್ನೊಂದು, ಪಾಪ, ನೀರಲ್ಲಿ ನೆನೆದು ಕೆಟ್ಟಿವೆ.

ಭಾನುವಾರ ಬೆಳಿಗ್ಗೆ ಹನ್ನೊಂದು ಕೊಟ್ಟೆ ಹಿಡಿದು ಹೊರಟ.